ಎರಡನೇ ಸಲ ಯಾರೂ ಕೇಳಲಿಲ್ಲ

ಆ ಭಾನುವಾರಕ್ಕೆಂದು ಸತ್ಯವತಿ ತನ್ನ ಮಾವಿನಕಾಯಿ ಬಣ್ಣದ ಮೈಸೂರು ರೇಷ್ಮೆ ಸೀರೆಯನ್ನು ಮೂರು ದಿನ ಮೊದಲೇ ಸೂಟ್‌ಕೇಸಿನಿಂದ ತೆಗೆದು ಕುರ್ಚಿಯ ಬೆನ್ನಿಗೆ ಹರವಿದ್ದಳು. ಏನು ವಿಶೇಷ ಎಂದು ಗಂಡ ಶೇಷಗಿರಿ ಕೇಳಿದ್ದಕ್ಕೆ, ಹುಳ ಹಿಡಿದೀತೆಂದು ಗಾಳಿಗೆ ಹಾಕಿದೆ ಎಂದಳು. ಕ್ಯಾಂಪ್‌ಬೆಲ್ಲಿನ ಆ ಮನೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಒಂದು ಹುಳವೂ ಸೀರೆಗೆ ಬಿದ್ದಿರಲಿಲ್ಲ. ಶೇಷಗಿರಿ ಪೇಪರಿನ ಹಿಂದೆ ನಕ್ಕ. ಅವನಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿದ್ದ ಮಗಳು ಊರ್ಮಿಳೆಗೂ ಗೊತ್ತಿತ್ತು. ಅಮ್ಮನ ಒಂದು ನಿಮಿಷದ ಇಂಗ್ಲಿಷ್ ಭಾಷಣವನ್ನು ತಿದ್ದಿ, ಗಡಿಯಾರ ಹಿಡಿದು ನಿಂತು ಹೇಳಿಸಿದವಳೇ ಅವಳು. ಆದರೂ ತನಗೆ ಆಸೆಯಿದೆ ಎಂಬ ಮಾತನ್ನು ಸತ್ಯವತಿ ಯಾರೆದುರೂ ಬಾಯಿಬಿಟ್ಟು ಆಡಿರಲಿಲ್ಲ.

ಅದು ಎಂಬತ್ತನಾಲ್ಕನೆಯ ಇಸವಿ, ಅಧ್ಯಕ್ಷರ ಚುನಾವಣೆಯ ವರ್ಷ. ತಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂದು ಕ್ಯಾಲಿಫೋರ್ನಿಯಾದ ಡೆಮೊಕ್ರಾಟರು ಜೂನ್ ಐದರಂದು ತಮ್ಮತಮ್ಮಲ್ಲೇ ಮತ ಹಾಕುವವರಿದ್ದರು. ಆ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ, ಅವನ ಪರವಾಗಿ ಪಕ್ಷದ ಮಹಾಸಭೆಗೆ ಹೋಗುವ ಪ್ರತಿನಿಧಿಗಳ ಹೆಸರೂ ಇರುತ್ತಿತ್ತು. ಆ ಹೆಸರುಗಳನ್ನು ಆರಿಸಲು ಮಾರ್ಚಿನ ಮೊದಲ ಭಾನುವಾರ ಕ್ಷೇತ್ರದ ಬೆಂಬಲಿಗರೆಲ್ಲ ಒಂದು ಶಾಲೆಯ ಊಟದ ಹಾಲಿನಲ್ಲಿ ಸೇರಬೇಕಿತ್ತು. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಮಹಾಸಭೆ ಈ ಸಲ ಮೂರು ಸಾವಿರ ಮೈಲಿಯಾಚೆ ಎಲ್ಲೋ ಅಲ್ಲ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. ಫ್ರೀವೇ ಹಿಡಿದರೆ ಒಂದು ಗಂಟೆಯ ದಾರಿ. ದೇಶಕ್ಕೆ ದೇಶವೇ ಟೀವಿಯಲ್ಲಿ ನೋಡುವ ಆ ಹಾಲಿನಲ್ಲಿ, ರಾಜ್ಯದ ಹೆಸರು ಬರೆದ ಕಂಬದ ಕೆಳಗೆ ಒಂದು ಕುರ್ಚಿ. ಸತ್ಯವತಿಗೆ ಬೇಕಾಗಿದ್ದದ್ದು ಆ ಕುರ್ಚಿ.

ಬೇಡುವುದಕ್ಕೆ ಅವಳಿಗೆ ಹಕ್ಕೂ ಇತ್ತೆನ್ನಿ. ಸಂಜೆಯ ಅಡಲ್ಟ್ ಸ್ಕೂಲಿನಲ್ಲಿ ಪೌರತ್ವದ ಪಾಠ ಕಲಿತು, ಕೈಯೆತ್ತಿ ಪ್ರಮಾಣ ಮಾಡಿದ ವಾರವೇ ಅವಳು ಪಕ್ಷದ ಕ್ಲಬ್ಬಿಗೆ ಹೋಗಿದ್ದಳು. ಎಂಟು ವರ್ಷ. ಕ್ಯಾಂಪ್‌ಬೆಲ್ ಪೇಟೆಯ ಮುಚ್ಚಿಹೋದ ಚಪ್ಪಲಿ ಅಂಗಡಿಯೊಂದರಲ್ಲಿ ಕ್ಲಬ್ಬಿನ ಆಫೀಸು. ಅಲ್ಲಿ ಕೂತು ಎಷ್ಟು ಸಾವಿರ ಕಾಗದ ಮಡಿಸಿದಳೋ, ಎಷ್ಟು ಬಾಗಿಲಿನ ಹಿಡಿಗೆ ಕರಪತ್ರ ಸಿಕ್ಕಿಸಿ ಬಂದಳೋ. ಅವಳ ಕೋಡುಬಳೆಯಿಲ್ಲದೆ ಮೀಟಿಂಗು ನಡೆಯುವುದಿಲ್ಲವೆಂದು ಕ್ಲಬ್ಬಿನ ಅಧ್ಯಕ್ಷೆ ಡೋರಿಸ್ ಎಲ್ಲರೆದುರು ಹೇಳುತ್ತಿದ್ದಳು.

ಪ್ರಭಾ ಅಲ್ಲಿಗೆ ಬಂದದ್ದು ಸತ್ಯವತಿಯ ಕೈಹಿಡಿದುಕೊಂಡೇ. ಮೈಸೂರಿನ ಹುಡುಗಿ, ಗುರುಪ್ರಸಾದ ಎಂಬ ಇಂಜಿನಿಯರನ ಹೆಂಡತಿ, ಮೂವತ್ತೈದರ ಆಸುಪಾಸು. ಕಾನ್ವೆಂಟಿನಲ್ಲಿ ಓದಿದವಳು, ಕ್ಯುಪರ್ಟಿನೋದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಮ್ಯಾನುಯಲ್ ಬರೆಯುವ ಕೆಲಸ. ಪೌರತ್ವ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಕರಪತ್ರ ಗಾಳಿಗೆ ಹಾರದಂತೆ ಬಾಗಿಲಿಗೆ ಹೇಗೆ ಸಿಕ್ಕಿಸಬೇಕು, ನಾಯಿಯಿರುವ ಮನೆಯನ್ನು ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ಸತ್ಯವತಿಯೇ ಅವಳಿಗೆ ಕಲಿಸಿದ್ದು. ಸತ್ಯಕ್ಕ, ಸತ್ಯಕ್ಕ ಎಂದು ಹಿಂದೆಮುಂದೆ ಓಡಾಡಿಕೊಂಡಿದ್ದಳು. ಅವಳ ಇಂಗ್ಲಿಷ್ ಕೇಳಿದಾಗ ಸತ್ಯವತಿಯ ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿದಂತಾಗುತ್ತಿತ್ತು ನಿಜ. ಆದರೆ ನಮ್ಮ ಹುಡುಗಿ ತಾನೆ ಎಂದು ಅದನ್ನು ಅಲ್ಲಿಗೇ ಬಿಡುತ್ತಿದ್ದಳು.

ಭಾನುವಾರ ಹಾಲಿನಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಮಕ್ಕಳು ಊಟ ಮಾಡುವ ಗಿಡ್ಡ ಬೆಂಚುಗಳು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಸತ್ಯವತಿ ರೇಷ್ಮೆ ಸೀರೆಯ ಮೇಲೆ ಬೂದು ಸ್ವೆಟರ್ ಹಾಕಿ, ಪರ್ಸಿನಲ್ಲಿ ಭಾಷಣದ ಚೀಟಿ ಇಟ್ಟುಕೊಂಡು ಎರಡನೇ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಪ್ಯಾಂಟು ತೊಟ್ಟ ಪ್ರಭಾ, ಅವಳ ಆಚೆಗೆ ಊರ್ಮಿಳಾ. ಗಂಡಸರ ಆಯ್ಕೆ ಮುಗಿಯಿತು. ಒಬ್ಬ ಹೆಂಗಸು, ಶಿಕ್ಷಕರ ಸಂಘದ ಟೀಚರು, ಆರಿಸಿ ಬಂದಳು. ಉಳಿದದ್ದು ಒಂದು ಜಾಗ. ಡೋರಿಸ್ ಕರಿಹಲಗೆಯ ಪಕ್ಕ ನಿಂತು, ಈ ಕ್ಲಬ್ಬಿಗೆ ಎಂಟು ವರ್ಷ ಬೆನ್ನೆಲುಬಾದವಳ ಹೆಸರನ್ನು ನಾನೇ ಸೂಚಿಸುತ್ತೇನೆ ಎಂದು ಹೇಳಿ, ದೊಡ್ಡ ಅಕ್ಷರದಲ್ಲಿ ಸತ್ಯ ಎಂದು ಬರೆದಳು. ಜನ ಚಪ್ಪಾಳೆ ತಟ್ಟಿದರು. ಡೋರಿಸ್ ತಿರುಗಿ, ಒಪ್ಪಿಗೆಯೇ ಎಂದು ಕೇಳಿದಳು.

ಈ ದೇಶದಲ್ಲಿ ಕಾಫಿ ಬೇಕೆ ಎಂದು ಕೇಳಿದರೆ ಮೊದಲನೇ ಸಲವೇ ಬೇಕು ಎನ್ನಬೇಕು, ಇಲ್ಲದಿದ್ದರೆ ಕಾಫಿಯಿಲ್ಲದೆ ಏಳಬೇಕು ಎಂಬುದನ್ನು ಸತ್ಯವತಿ ಬಂದ ವರ್ಷವೇ ಕಲಿತಿದ್ದಳು. ಆದರೆ ಇದು ಕಾಫಿಯಲ್ಲ, ಮರ್ಯಾದೆ. ಅವಳ ತವರಿನ ಬೀದಿಯ ಮಹಿಳಾ ಸಮಾಜದಲ್ಲಿ ಅವಳ ತಾಯಿ ಅಧ್ಯಕ್ಷೆಯಾದದ್ದು ಮೂರು ಸಲ ಬೇಡವೆಂದ ಮೇಲೆ. ಮೊದಲನೆಯ ಬೇಡ ದೊಡ್ಡವರಿಗೆ, ಎರಡನೆಯದು ಓರಗೆಯವರಿಗೆ. ಮೂರನೆಯದಕ್ಕೆ ಪಕ್ಕದವಳು ಕೈಹಿಡಿದು ಎಳೆದು ನಿಲ್ಲಿಸಬೇಕು. ಕೇಳಿದ ತಕ್ಷಣ ಹೂಂ ಎನ್ನುವವಳನ್ನು ಆ ಬೀದಿಯಲ್ಲಿ ಮಾನಗೆಟ್ಟವಳು ಎನ್ನುತ್ತಿದ್ದರು.

"ನೋ, ನೋ, ರಿಯಲಿ," ಎಂದಳು ಸತ್ಯವತಿ, ತಲೆ ತಗ್ಗಿಸಿ. "ವೈ ಮಿ? ಲೆಟ್ ಸಮ್ ಯಂಗ್ ಪರ್ಸನ್ ಗೋ."

ಹಾಗೆನ್ನುತ್ತಲೇ ತನ್ನ ಮೊಣಕೈಯನ್ನು ಪಕ್ಕದ ಪ್ರಭಾಳ ಮೊಣಕೈಗೆ ಮೆಲ್ಲಗೆ ತಗುಲಿಸಿದಳು. ಈಗ ಇವಳು ಎದ್ದು, ಅದೆಲ್ಲಾ ಆಗೋದಿಲ್ಲ, ನೀವೇ ಹೋಗಬೇಕು ಎನ್ನುತ್ತಾಳೆ. ಪರ್ಸಿನ ಬಾಯಿಯನ್ನೂ ಸ್ವಲ್ಪ ತೆರೆದಿಟ್ಟುಕೊಂಡಳು, ಚೀಟಿ ಕೈಗೆ ಸಿಗಲೆಂದು.

ಪ್ರಭಾ ಅಲುಗಲಿಲ್ಲ.

ಡೋರಿಸ್‌ಳ ಮುಖದಲ್ಲಿ ನಿಜವಾದ ಬೇಸರ ಕಂಡಿತು. ನಿನ್ನ ನಿರ್ಧಾರವನ್ನು ಗೌರವಿಸುತ್ತೇನೆ, ಎಂಥಾ ದೊಡ್ಡ ಮನಸ್ಸು ಎಂದು ಹೇಳಿ ಹಲಗೆಯ ಮೇಲಿನ ಹೆಸರಿಗೆ ಒಂದು ಗೆರೆ ಎಳೆದಳು. ಜನ ಮತ್ತೆ ಚಪ್ಪಾಳೆ ತಟ್ಟಿದರು, ಈ ಸಲ ಇನ್ನೂ ಜೋರಾಗಿ. ಹಿಂದಿನ ಸಾಲಿನಿಂದ ಯಾರೋ, ಎಳೆಯರು ಎಂದರೆ ಪ್ರಭಾ ಇದ್ದಾಳಲ್ಲ ಎಂದರು. ಡೋರಿಸ್ ಕೇಳಿದಳು. ಪ್ರಭಾ ಎದ್ದು ನಿಂತು, "ಐ ವುಡ್ ಬಿ ಆನರ್ಡ್," ಎಂದಳು. ಚೀಟಿಯಿಲ್ಲದೆ ಒಂದು ನಿಮಿಷ ಮಾತಾಡಿದಳು. ಗೆದ್ದಳು.

ಮನೆಗೆ ಬರುವಾಗ ಕಾರಿನಲ್ಲಿ ಊರ್ಮಿಳೆಗೆ ತಡೆಯಲಾಗಲಿಲ್ಲ. "ಮಾಮ್, ಯು ಸೆಡ್ ನೋ," ಎಂದಳು. "ಶಿ ಆಸ್ಕ್‌ಡ್ ಯು, ಆಂಡ್ ಯು ಸೆಡ್ ನೋ."

"ಹಾಗಂತ ಬಿಟ್ಟುಬಿಡ್ತಾರೇನೇ?"

ಸಂಜೆ ಶೇಷಗಿರಿ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿ, "ನಿನ್ನ ಬೇಡ ಅನ್ನೋದಕ್ಕೆ ಅರ್ಥ ಏನು ಅಂತ ನನಗೆ ತಿಳಿಯೋಕೇ ಇಪ್ಪತ್ತು ವರ್ಷ ಹಿಡೀತು," ಎಂದ. "ಡೋರಿಸ್‌ಗೆ ಒಂದು ಮಧ್ಯಾಹ್ನದಲ್ಲಿ ತಿಳಿ ಅಂದ್ರೆ ಹೇಗೆ?"

ಡೋರಿಸ್‌ಳ ಮೇಲೆ ಸತ್ಯವತಿಗೆ ಕೋಪವಿರಲಿಲ್ಲ. ಬಿಳಿಯ ಹೆಂಗಸು, ಅವಳಿಗೇನು ಗೊತ್ತು. ಆದರೆ ಪ್ರಭಾ? ಪಾತ್ರೆ ತೊಳೆಯುವಾಗ, ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತಾಗ, ಅವಳಿಗೆ ಅದೊಂದೇ ಯೋಚನೆ. ಹೋದ ಗೌರಿ ಹಬ್ಬಕ್ಕೆ ಇದೇ ಮನೆಯಲ್ಲಿ ಎಲೆಯ ಮುಂದೆ ಕೂತು, ಎರಡನೇ ಒಬ್ಬಟ್ಟಿಗೆ ಎರಡೂ ಕೈ ಅಡ್ಡ ಹಿಡಿದು ಬೇಡ ಸತ್ಯಕ್ಕ, ಖಂಡಿತಾ ಬೇಡ ಎಂದವಳು, ಆಮೇಲೆ ಮೂರು ತಿಂದಳು. ಬಡಿಸಿದವಳು ತಾನೇ. ಆ ಬೇಡದ ಅರ್ಥ ತನಗೆ ತಿಳಿದಿತ್ತು. ತನ್ನ ಬೇಡದ ಅರ್ಥ ಅವಳಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ತಿಳಿದೇ ಸುಮ್ಮನೆ ಕೂತಳು. ಒಂದು ಸಲ ಹೀಗೆ ಅನ್ನಿಸುತ್ತಿತ್ತು. ಮತ್ತೊಂದು ಸಲ, ಪಾಪ, ಹುಡುಗಿಗೆ ಗಾಬರಿಯಾಗಿತ್ತೇನೋ ಅನ್ನಿಸುತ್ತಿತ್ತು. ಅದು ಅನ್ನಿಸಿದಾಗ ಹೊಟ್ಟೆಯ ಉರಿ ಇನ್ನೂ ಹೆಚ್ಚಾಗುತ್ತಿತ್ತು, ಯಾಕೆಂದರೆ ಆಗ ಕೋಪ ಮಾಡಿಕೊಳ್ಳಲು ತನ್ನ ಹೊರತು ಯಾರೂ ಉಳಿಯುತ್ತಿರಲಿಲ್ಲ.

ಏಪ್ರಿಲಿನಲ್ಲಿ ಒಂದು ಶನಿವಾರ ಪ್ರಭಾ ಮನೆಗೆ ಬಂದಳು. ಊರಿನ ವಾರಪತ್ರಿಕೆಯವರು ಫೋಟೋ ತೆಗೆಯುತ್ತಾರಂತೆ, ಸೀರೆಯುಟ್ಟು ಬಾ ಎಂದಿದ್ದಾರಂತೆ, ತನ್ನ ಹತ್ತಿರ ಇರುವುದೆಲ್ಲ ಶಿಫಾನು.

"ಅವತ್ತು ಉಟ್ಟಿದ್ರಲ್ಲ ಸತ್ಯಕ್ಕ, ಮಾವಿನಕಾಯಿ ಬಣ್ಣದ್ದು. ಒಂದು ದಿನಕ್ಕೆ ಕೊಡ್ತೀರಾ?"

ಅವತ್ತು ಎಂಬ ಮಾತು ಅಷ್ಟು ಸಲೀಸಾಗಿ ಅವಳ ಬಾಯಲ್ಲಿ ಬಂತು. ಸತ್ಯವತಿ, ಅದನ್ನು ಡ್ರೈಕ್ಲೀನಿಗೆ ಕೊಟ್ಟಿದ್ದೀನಿ ಎಂದಳು. ಒಳಗೆ ಹೋಗಿ, ಆ ಸೀರೆಯನ್ನೇ ಪಕ್ಕಕ್ಕೆ ಸರಿಸಿ, ಅದರಡಿಯಿಂದ ಒಂದು ಕಂದು ಸೀರೆ ತೆಗೆದಳು. ಯಾವುದೋ ಮದುವೆಯಲ್ಲಿ ಸಾರು ಚೆಲ್ಲಿ ಅದರ ಅಂಚಿನಲ್ಲಿ ಅಂಗೈಯಗಲ ಕಲೆ ನಿಂತಿತ್ತು. ಕಲೆ ಕಾಣದಂತೆ ಮಡಿಸಿ ತಂದುಕೊಟ್ಟಳು. ಪ್ರಭಾ ಅದನ್ನು ಎದೆಗೆ ಹಿಡಿದುಕೊಂಡು, ನೀವು ನನ್ನ ತಾಯಿ ಇದ್ದ ಹಾಗೆ ಎಂದುಬಿಟ್ಟಳು.

ಪತ್ರಿಕೆ ಬಂದಾಗ ಸತ್ಯವತಿ ಮೊದಲು ಹುಡುಕಿದ್ದು ಕಲೆಯನ್ನು. ಫೋಟೋ ಸೊಂಟದವರೆಗಷ್ಟೇ ಇತ್ತು. ಕಪ್ಪುಬಿಳುಪಿನಲ್ಲಿ ಆ ಕಂದು ಸೀರೆ ಯಾವ ಮಹಾರಾಣಿಯದೋ ಎನ್ನುವಂತೆ ಹೊಳೆಯುತ್ತಿತ್ತು. ಪತ್ರಿಕೆಯನ್ನು ಎರಡು ದಿನ ಸೋಫಾದ ಅಡಿಗೆ ತಳ್ಳಿಟ್ಟಳು. ಮೂರನೆಯ ದಿನ ತಾನೇ ಬಗ್ಗಿ ತೆಗೆದು ಮತ್ತೆ ನೋಡಿದಳು.

ಮೇ ತಿಂಗಳಲ್ಲಿ ಡೋರಿಸ್ ಒಂದು ಕೆಲಸ ಒಪ್ಪಿಸಿದಳು. ಕ್ಷೇತ್ರದಲ್ಲಿ ವೋಟಿರುವ ಕನ್ನಡದವರಿಗೆಲ್ಲ ಫೋನು ಮಾಡಿ ಜೂನ್ ಐದನ್ನು ನೆನಪಿಸಬೇಕು. ಸತ್ಯವತಿ ಒಪ್ಪಿಕೊಂಡಳು, ಕೆಲಸವನ್ನು ಬೇಡವೆನ್ನಲು ಅವಳಿಗೆ ಗೊತ್ತಿರಲಿಲ್ಲ. ತಾರೀಖು ಹೇಳಿದಳು, ಮತಗಟ್ಟೆ ಎಲ್ಲಿ ಎಂದು ಹೇಳಿದಳು, ಅಭ್ಯರ್ಥಿಯ ಹೆಸರು ಹೇಳಿದಳು. ಪ್ರಭಾಳ ಹೆಸರು ಯಾಕೋ ನಾಲಿಗೆಗೆ ಬರಲಿಲ್ಲ. ಆದರೆ ಕ್ಯುಪರ್ಟಿನೋದಲ್ಲಿ ಡಾಕ್ಟರ್ ಮಗನ ಜೊತೆಗಿದ್ದ ಮಂಡ್ಯದ ಲಿಂಗಮ್ಮ ಬಿಡುವ ಪೈಕಿಯಲ್ಲ.

"ಆ ಪ್ರಭಮ್ಮನ ಹೆಸ್ರು ಅದೆಯಂತಲ್ಲ ಅದ್ರಾಗೆ," ಎಂದರು ಲಿಂಗಮ್ಮ. "ನಿಮ್ದು ಯಾಕಿಲ್ಲ? ಮೊದ್ಲಿಂದ ದುಡಿದೋರು ನೀವಲ್ವಾ?"

"ನನಗ್ಯಾಕಮ್ಮ ಅದೆಲ್ಲ. ಕೇಳಿದ್ರು, ನಾನೇ ಬೇಡ ಅಂದೆ."

"ಅಯ್ಯೋ ಸುಮ್ಕಿರಿ. ನೀವು ಬ್ಯಾಡ ಅಂದ್ರೆ ಅವ್ರು ಬುಟ್ಬುಡೋದಾ? ಪಕ್ಕದಾಗೆ ಒಬ್ರೂ ನಮ್ಮೋರು ಇರ್ಲಿಲ್ವಾ, ಎಬ್ಬಿಸಿ ನಿಲ್ಸಕೆ?"

ಸತ್ಯವತಿ ಫೋನಿಟ್ಟಳು. ಆ ಸಭೆಯನ್ನು ಕಣ್ಣಿಂದ ನೋಡದ ಮುದುಕಿಗೂ ತಿಳಿದ ವಿಷಯ.

ಜೂನ್ ಐದು ಮಂಗಳವಾರ. ಅವರ ಬೀದಿಯ ಮತಗಟ್ಟೆ ಎರಡು ಮನೆಯಾಚೆಯ ಗರಾಜು. ಕಾರನ್ನು ಹೊರಗೆ ನಿಲ್ಲಿಸಿ, ಬಾಗಿಲಿಗೆ ಬಾವುಟ ಕಟ್ಟಿ, ಎಣ್ಣೆ ಚೆಲ್ಲಿದ ನೆಲದ ಮೇಲೆ ಮತ ಹಾಕಲು ಸಣ್ಣ ಕಾಲಿನ ನಾಲ್ಕು ಗೂಡು ನಿಲ್ಲಿಸಿದ್ದರು. ಗೋಡೆಗೆ ಗಾರ್ಡನ್ ಪೈಪು ಸುತ್ತಿ ನೇತುಹಾಕಿತ್ತು. ಸತ್ಯವತಿ ಸಹಿ ಮಾಡಿ, ಬೇಕಾದ ಹೆಸರಿಗೆ ತೂತು ಮಾಡುವ ಕಾರ್ಡು ಈಸಿಕೊಂಡು ಗೂಡಿನೊಳಗೆ ಹೋದಳು. ಕಾರ್ಡನ್ನು ಹೆಸರುಗಳು ಅಚ್ಚಾದ ಪುಸ್ತಕದ ಅಡಿಗೆ ತೂರಿಸಿದಳು, ದಾರ ಕಟ್ಟಿದ ಮೊಳೆಯನ್ನು ಕೈಗೆ ತೆಗೆದುಕೊಂಡಳು. ಪುಟ ತಿರುಗಿಸಿದಾಗ ಅಭ್ಯರ್ಥಿಯ ಹೆಸರು, ಅದರಡಿ ಒಂದರ ಕೆಳಗೊಂದು ನಾಲ್ಕು ಹೆಸರು. ಒಂದೊಂದಕ್ಕೂ ಒಂದೊಂದು ತೂತು.

ಟೀಚರಿಗೆ ಚುಚ್ಚಿದಳು. ಇಬ್ಬರು ಗಂಡಸರಿಗೆ ಚುಚ್ಚಿದಳು. ನಾಲ್ಕನೆಯದು ಪ್ರಭಾ ಗುರುಪ್ರಸಾದ್. ಅಚ್ಚಿನ ದೊಡ್ಡಕ್ಷರದಲ್ಲಿ ನಮ್ಮವರ ಹೆಸರೊಂದು ಆ ಪುಸ್ತಕದಲ್ಲಿ ಇರುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಬೆರಳಿನಿಂದ ಸಾಲನ್ನು ಅಳೆದಳು. ಸತ್ಯವತಿ ಶೇಷಗಿರಿ ಎಂಬುದು ಇಷ್ಟು ಜಾಗದಲ್ಲಿ ಹಿಡಿಸುತ್ತಿತ್ತೇ? ಒತ್ತೊತ್ತಾಗಿ ಬರೆದರೆ ಹಿಡಿಸುತ್ತಿತ್ತು. ಮೊಳೆಯ ತುದಿಯನ್ನು ನಾಲ್ಕನೆಯ ತೂತಿನ ಮೇಲೆ ಇಟ್ಟಳು. ಹಿಂದಿನಿಂದ ಯಾರೋ ಕೆಮ್ಮಿದರು. ಇಡೀ ಊರಿನಲ್ಲಿ ತನ್ನನ್ನು ಯಾರೂ ನೋಡದ ಜಾಗ ಇದೊಂದೇ ಎಂದು ಅವಳಿಗೆ ಹೊಳೆಯಿತು. ಇಲ್ಲಿ ಬೇಡ ಎಂದರೆ ಬೇಡವೇ. ಮೊಳೆಯನ್ನು ಎತ್ತಿ ಪುಟ ತಿರುಗಿಸಿದಳು.

ಹೊರಗೆ ಬಂದಾಗ ಬಿಸಿಲು ಚೆನ್ನಾಗಿತ್ತು. ಗರಾಜಿನ ಯಜಮಾನಿ ನಗುತ್ತಾ ಕಾರ್ಡಿನ ತುಂಡು ಹರಿದು ಕೊಟ್ಟಳು. ಮನೆ ತಲುಪುವಷ್ಟರಲ್ಲಿ ಸತ್ಯವತಿಗೆ ಯಾವ ಸಮಾಧಾನವೂ ಉಳಿದಿರಲಿಲ್ಲ. ಎಂಟು ವರ್ಷ ಈ ಮತಕ್ಕಾಗಿ ಬಾಗಿಲು ಬಾಗಿಲು ಅಲೆದವಳು, ಈ ದಿನ ಒಂದನ್ನು ಹಾಕದೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು.

ಮಾರನೆಯ ದಿನ ಊರ್ಮಿಳಾ ಪೇಪರು ಓದಿ ಹೇಳಿದಳು. ನಾಲ್ವರೂ ಗೆದ್ದಿದ್ದರು. ಪ್ರಭಾಳಿಗೆ ಸಾವಿರಾರು ವೋಟಿನ ಮುನ್ನಡೆ. ಅಷ್ಟು ಸಾವಿರದ ನಡುವೆ ಆ ಒಂದು ತೂತು ಇಲ್ಲದಿದ್ದದ್ದು ಸೂರ್ಯ ಚಂದ್ರರಿಗೂ ತಿಳಿಯಲಿಲ್ಲ. ಸತ್ಯವತಿಗೆ ಮಾತ್ರ ತಿಳಿದಿತ್ತು. ಅಂದಿನಿಂದ ಅವಳು ಪ್ರಭಾಳ ಫೋನು ಬಂದರೆ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದು ಮಗಳ ಕೈಲಿ ಹೇಳಿಸತೊಡಗಿದಳು. ಒಂದು ತಿಂಗಳಲ್ಲಿ ಇಷ್ಟು ಸ್ನಾನವೇ ಎಂದು ಶೇಷಗಿರಿ ಕೇಳಿದ.

ಜುಲೈ ಎರಡನೇ ವಾರ, ಮಹಾಸಭೆಗೆ ನಾಲ್ಕು ದಿನ ಇದೆ ಎನ್ನುವಾಗ, ಪ್ರಭಾ ಹೇಳದೆ ಕೇಳದೆ ಬಂದೇಬಿಟ್ಟಳು. ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ಕಂದು ಸೀರೆ, ಮೇಲೆ ಎರಡು ಬಾಳೆಹಣ್ಣು, ಕುಂಕುಮದ ಪೊಟ್ಟಣ. ಇಷ್ಟು ದಿನ ಇಟ್ಟುಕೊಂಡದ್ದು ತಪ್ಪಾಯಿತು ಎಂದಳು. ಅಂಚಿನಲ್ಲಿ ಒಂದು ಕಲೆ ಇತ್ತು, ನನ್ನ ಕೈಯಿಂದಲೇ ಆಯಿತೇನೋ ಎಂದು ಹೆದರಿಕೆಯಾಯಿತು, ಮೂರು ಕಡೆ ಕೊಟ್ಟು ತೆಗೆಸಿದೆ ಎಂದಳು. ಸತ್ಯವತಿ ಸೀರೆಯ ಅಂಚು ಬಿಚ್ಚಿ ನೋಡಿದಳು. ಕಲೆಯಿದ್ದ ಜಾಗ ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಮುಖ ತಿರುಗಿಸಿಕೊಂಡು ಕಾಫಿಗೆ ನೀರಿಟ್ಟಳು.

ಬಾಳೆಹಣ್ಣಿನ ಕೆಳಗೆ ಒಂದು ರಟ್ಟಿನ ಕಾರ್ಡಿತ್ತು. ಪ್ರತಿಯೊಬ್ಬ ಪ್ರತಿನಿಧಿಗೂ ಒಂದು ದಿನಕ್ಕೆ ಒಬ್ಬ ಅತಿಥಿಯನ್ನು ಕರೆದೊಯ್ಯಲು ಕೊಟ್ಟ ಪಾಸು.

"ಮೊದಲನೇ ದಿನದ್ದು ನಿಮಗೆ," ಎಂದಳು ಪ್ರಭಾ.

"ಬೇಡಮ್ಮ. ನಿಮ್ಮೆಜಮಾನರನ್ನ ಕರ್ಕೊಂಡ್ಹೋಗು."

"ಅವರು ಟೀವಿಲಿ ನೋಡ್ಲಿ. ನೀವು ಬನ್ನಿ."

"ಬೇಡ ಪ್ರಭಾ. ನನಗೆ ನಿಜವಾಗ್ಲೂ ಬೇಡ."

ಈ ಸಲ ಅವಳಿಗೆ ನಿಜವಾಗಿಯೂ ಬೇಡವಾಗಿತ್ತು. ಯಾರ ಹೆಸರನ್ನು ದಾಟಿ ಮುಂದೆ ಹೋಗಿದ್ದಳೋ ಅವಳ ಕೈಯಿಂದ ಇದನ್ನು ಇಸಿದುಕೊಂಡು, ಅವಳ ಬೆನ್ನ ಹಿಂದೆ ಕೂತು ಅವಳ ಜಡೆ ನೋಡುವುದೇ? ಆದರೆ ಪ್ರಭಾ ಮೈಸೂರಿನ ಹುಡುಗಿ. ಬೇಡವೆಂಬ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟಳು.

"ಅವತ್ತೂ ರಿಯಲಿ ಅಂದ್ರಿ," ಎಂದಳು ಆಮೇಲೆ. "ನಿಮ್ಮ ಮೊಣಕೈ ನನಗೆ ತಾಕ್ತು ಸತ್ಯಕ್ಕ. ಯಾಕೆ ತಾಕಿಸಿದ್ರಿ ಅಂತ ಗೊತ್ತಾಯ್ತು. ಏಳಬೇಕು ಅಂದ್ಕೊಂಡೆ. ಅಷ್ಟರಲ್ಲಿ, ಇವರು ಹೋಗದಿದ್ರೆ ನಾನು ಹೋಗಬಹುದಲ್ಲ ಅನ್ನಿಸ್ತು. ಕೂತೇಬಿಟ್ಟೆ."

ನಾಲ್ಕು ತಿಂಗಳು ಸತ್ಯವತಿ ಮೆಲುಕು ಹಾಕಿದ ಅನುಮಾನವೆಲ್ಲ ನಿಜವಾಗಿತ್ತು. ಅವಳು ಕಾದಿದ್ದ ಸಂತೋಷ ಮಾತ್ರ ಬರಲಿಲ್ಲ. ಎದುರಿಗೆ ಕೂತವಳ ಕಣ್ಣು ಒದ್ದೆಯಾಗಿತ್ತು, ಆದರೆ ಗೆದ್ದವಳು ಅವಳೇ. ಗೆದ್ದವರಿಗೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ ಎಂದು ಅದಕ್ಕೂ ಹೊಟ್ಟೆಯುರಿಯಿತು. ನಾನೂ ಒಂದು ಹೇಳಬೇಕು ಎಂಬ ಮಾತು ಗಂಟಲಿಗೆ ಬಂತು. ಗರಾಜು, ಮೊಳೆ, ನಾಲ್ಕನೆಯ ತೂತು. ಹೇಳಲಿಲ್ಲ. ಅದೊಂದು ತನ್ನ ಹತ್ತಿರ ಇರಲಿ ಎಂದು ಕಾಫಿಯ ಜೊತೆ ನುಂಗಿದಳು.

"ಬರಲೇಬೇಕು," ಎಂದಳು ಪ್ರಭಾ, ಮೂರನೆಯ ಸಲ, ಮೇಜಿನಾಚೆಯಿಂದ ಅವಳ ಕೈ ಹಿಡಿದು ಎಳೆದು. "ನೀವು ಏಳೋ ತನಕ ನಾನು ಇಲ್ಲಿಂದ ಏಳಲ್ಲ."

ಸತ್ಯವತಿ ಕಾರ್ಡನ್ನು ಎತ್ತಿಕೊಂಡಳು. ಸತ್ಯವತಿ ಶೇಷಗಿರಿ ಎಂದು ಆಗಲೇ ಟೈಪು ಮಾಡಿತ್ತು. ಸಾಲಿನಲ್ಲಿ ಹಿಡಿಸದೆ ಕೊನೆಯ ಅಕ್ಷರಗಳು ಗೆರೆಯಾಚೆ ಹೋಗಿದ್ದವು.

"ಇದು ಎಲ್ಲಿ ಬರತ್ತೆ, ಕೂರೋ ಜಾಗ?"

"ಮೇಲ್ಗಡೆ ಗ್ಯಾಲರಿ."

"ಅಲ್ಲಿಂದ ನಿನ್ನ ಕುರ್ಚಿ ಕಾಣತ್ತಾ?"

"ಕಾಣತ್ತೆ ಸತ್ಯಕ್ಕ. ನನಗೂ ನೀವು ಕಾಣ್ತೀರಿ."

ಸತ್ಯವತಿ ಎದ್ದು, ಕಂದು ಸೀರೆಯನ್ನು ತಟ್ಟೆಯಿಂದ ತೆಗೆದು ಪ್ರಭಾಳ ಮಡಿಲಿಗೇ ಮತ್ತೆ ಇಟ್ಟಳು.

"ಇದನ್ನ ನೀನೇ ಉಟ್ಕೋ," ಎಂದಳು. "ಮಾವಿನಕಾಯಿ ಬಣ್ಣದ್ದು ನನಗೆ ಬೇಕು."